ದುರುಗಮ್ಮನ ರೋಲರ್ ಫ್ರೇಮುಗಳು

ದಾವಣಗೆರೆಯ ಸರಸ್ವತಿ ನಗರದಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡುವ ದುರುಗಮ್ಮನಿಗೆ ಸಿಟ್ಟು ಜಾಸ್ತಿ ಎಂದು ಹೇಳುವವರು ಬಹಳ ಜನ. ಅವರಲ್ಲಿ ಮೊದಲಿಗ ಅವಳ ತಮ್ಮ ಮಾರುತಿ. ಯಾಕೆ ಸಿಟ್ಟು ಎಂದು ಕೇಳಿದರೆ ಮಾತ್ರ ಅವನು ಬೇರೆ ಮಾತು ತೆಗೆಯುತ್ತಾನೆ.

ದುರುಗಮ್ಮ ಹುಟ್ಟಿದ್ದು ಭಾನುವಳ್ಳಿಯಲ್ಲಿ. ಮದುವೆಯಾಗಿ ದಾವಣಗೆರೆಗೆ ಬಂದಮೇಲೆ ಲಗ್ನಪತ್ರಿಕೆ ಅಚ್ಚುಹಾಕುವ ಒಂದು ಅಂಗಡಿಯಲ್ಲಿ ಒದ್ದೆ ಕಾರ್ಡು ಒಣಹಾಕುವ ಕೆಲಸಕ್ಕೆ ಸೇರಿದಳು. ನೋಡುತ್ತಲೇ ಕೆಲಸ ಕಲಿತು, ಕೊನೆಗೆ ಮನೆಯ ಮುಂದಿನ ಕೋಣೆಯಲ್ಲಿ ತನ್ನದೇ ಟೇಬಲ್ಲು ಹಾಕಿಕೊಂಡಳು. ಬಟ್ಟೆ ಚೀಲ, ಕಬಡ್ಡಿ ಹುಡುಗರ ಬನಿಯನ್ನು, ಶಾಲೆಗಳ ಟೀ ಶರ್ಟು ಬರತೊಡಗಿದವು. ಪಿಯುಸಿ ಫೇಲಾಗಿ ಊರಲ್ಲಿ ಸುಮ್ಮನೆ ತಿರುಗುತ್ತಿದ್ದ ಮಾರುತಿಯನ್ನು ಕರೆಸಿ ಕೆಲಸ ಕಲಿಸಿದವಳೂ ಅವಳೇ. ಅವನು ಹರಿಹರದಲ್ಲಿ ಸ್ವಂತ ಅಂಗಡಿ ತೆರೆದಾಗ ತಾನು ಬೇರೆ ಮಾಡಿಸಿಕೊಂಡು ತನ್ನ ಮೊದಲ ಟೇಬಲ್ಲನ್ನೇ ಕೊಟ್ಟು ಕಳಿಸಿದ್ದಳು.

ಅವಳಿಗೆ ತಲೆನೋವಾಗಿದ್ದದ್ದು ಮರದ ಫ್ರೇಮುಗಳು. ಮರದ ಚೌಕಟ್ಟಿಗೆ, ಇಂಕು ತೂರಿ ಇಳಿಯುವ ಮೆಶ್ ಬಟ್ಟೆಯನ್ನು ಎಷ್ಟೇ ಬಿಗಿಯಾಗಿ ಎಳೆದು ಹೊಡೆದರೂ ನಾಲ್ಕು ದಿನ ಅಚ್ಚುಹಾಕುವಷ್ಟರಲ್ಲಿ ಸಡಿಲವಾಗುತ್ತಿತ್ತು. ಒಂದೇ ಬಣ್ಣವಾದರೆ ಹೇಗೋ ನಡೆಯುತ್ತದೆ. ಬಣ್ಣಕ್ಕೊಂದು ಫ್ರೇಮಿನಂತೆ ಮೂರು ಬಣ್ಣ ಬಂದರೆ ಕೆಂಪು ಒಂದು ಕಡೆ, ಅದರ ಅಂಚಿನ ಕಪ್ಪು ಇನ್ನೊಂದು ಕಡೆ. ಅಂಥ ಕೆಲಸವನ್ನು ಅವಳು ಒಲ್ಲೆನೆಂದು ವಾಪಸು ಕಳಿಸುತ್ತಿದ್ದಳು. ರೋಲರ್ ಫ್ರೇಮುಗಳಲ್ಲಿ ಆ ತೊಂದರೆಯಿಲ್ಲ. ಅದರ ನಾಲ್ಕು ಬದಿಯೂ ತಿರುಗುವ ಅಲ್ಯುಮಿನಿಯಂ ಪೈಪುಗಳು. ಬಟ್ಟೆ ಸಡಿಲವಾದಾಗ ಸ್ಪ್ಯಾನರ್ ಹಾಕಿ ಪೈಪು ತಿರುಗಿಸಿ ಮತ್ತೆ ಬಿಗಿಮಾಡಬಹುದು. ಹೊಸದನ್ನು ಕೊಳ್ಳುವುದು ಅವಳ ಕೈಗೆ ಎಟುಕದ ಮಾತಾಗಿತ್ತು.

ಆಷಾಢದಲ್ಲಿ ಹರಿಹರದ ಕೊಟ್ಟೂರೇಶ್ ಎಂಬವರು ತಮ್ಮ ಟೀ ಶರ್ಟ್ ಘಟಕಕ್ಕೆ ಕಂಪ್ಯೂಟರಿನಿಂದ ನಡೆಯುವ ಪ್ರಿಂಟರು ತರಿಸಿ, ಹಳೆಯ ರೋಲರ್ ಫ್ರೇಮುಗಳನ್ನು ಮಾರುತ್ತಿದ್ದಾರೆಂದು ತಿಳಿಯಿತು. ಸುದ್ದಿ ಕೇಳಿದ ಮರುದಿನವೇ ದುರುಗಮ್ಮ ಹೊರಟಳು. ದಾರಿ ತೋರಿಸಲು ಮಾರುತಿಯೂ ಜೊತೆಗೆ ಬಂದ. ಅವಳು ಒಂದೊಂದು ಫ್ರೇಮನ್ನೂ ಗಾಜಿನ ಮೇಜಿನ ಮೇಲಿಟ್ಟು ನಾಲ್ಕು ಮೂಲೆಯೂ ಕೂರುತ್ತದೆಯೇ ನೋಡಿದಳು. ಪೈಪು ಬಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದಳು. ಬೋಲ್ಟುಗಳನ್ನು ತಿರುಗಿಸಿ ನೋಡಿದಳು. ಚೆನ್ನಾಗಿದ್ದವನ್ನು ಆರಿಸಿ, ಒಳಬದಿಗೆ ನೀಲಿ ಇಂಕಿನಲ್ಲಿ ಗುರುತು ಹಾಕಿ, ಅವುಗಳ ಸ್ಪ್ಯಾನರನ್ನೂ ಸೇರಿಸಿ ದುಡ್ಡು ಕೊಟ್ಟಳು.

"ನೀನ್ಯಾಕ ಮತ್ತೆ ಬರ್ತೀಯ ಅಕ್ಕ," ಎಂದ ಮಾರುತಿ. "ನಾಳೆ ನನ್ನ ಗೆಳೆಯನ ಲಗೇಜ್ ಆಟೋ ದಾವಣಗೆರೆಗೆ ಬರ್ತೈತೆ. ನಾನೇ ತಂದು ಇಳಿಸ್ತೀನಿ."

ಅವಳು ಒಪ್ಪಿದಳು. ಒಪ್ಪದಿರಲು ಕಾರಣವೇ ಇರಲಿಲ್ಲ.

ಅವನು ಬಂದಾಗ ದುರುಗಮ್ಮ ಇಂಕು ತರಲು ಪೇಟೆಗೆ ಹೋಗಿದ್ದಳು. ಹಳೆ ಬೆಡ್‌ಶೀಟಿನಲ್ಲಿ ಕಟ್ಟಿದ ಗಂಟನ್ನು ಕೋಣೆಯಲ್ಲಿಟ್ಟು ಅವನು ಹೊರಟುಹೋಗಿದ್ದ. ಸಂಜೆ ಬಿಚ್ಚಿ ನೋಡಿದರೆ ಯಾವುದರಲ್ಲೂ ನೀಲಿ ಗುರುತಿಲ್ಲ. ಮೊದಲನೆಯ ಪೈಪು ನಡುವೆ ಬಾಗಿತ್ತು. ಎರಡನೆಯದರ ಬೋಲ್ಟು ಎಷ್ಟು ತಿರುಗಿಸಿದರೂ ಹಿಡಿಯದೆ ಸುಮ್ಮನೆ ಸುತ್ತುತ್ತಿತ್ತು. ಇನ್ನೊಂದರ ಮೂಲೆ ಸೀಳಿಹೋಗಿತ್ತು. ಆಗಸ್ಟ್ ಹದಿನೈದಕ್ಕೆ ಒಂದು ಶಾಲೆಯ ಮೂರು ಬಣ್ಣದ ಟೀ ಶರ್ಟನ್ನು ಈ ಫ್ರೇಮುಗಳನ್ನು ನಂಬಿಯೇ ಒಪ್ಪಿಕೊಂಡಿದ್ದಳು.

ತಮ್ಮನಿಗೆ ಫೋನು ಮಾಡಿದಳು.

"ಅವ್ರು ಏನು ಕೊಟ್ರೋ ಅದನ್ನ ತಂದೀನಿ," ಎಂದ ಅವನು. "ಹಳೇ ಮಾಲು ಅಂದ್ರೆ ಹಂಗೇ ಅಲ್ಲೇನು. ಹೋಗ್ಲಿ ಬಿಡು."

ಹೋಗ್ಲಿ ಬಿಡು ಎನ್ನುವ ಮಾತು ಅವಳಿಗೆ ಯಾವತ್ತೂ ಆಗಿಬರುವುದಿಲ್ಲ. ಬೆಳಿಗ್ಗೆ ಒಂದು ಕೆಟ್ಟ ಫ್ರೇಮನ್ನು ಕಂಕುಳಲ್ಲಿ ಹಿಡಿದುಕೊಂಡೇ ಹರಿಹರದ ಬಸ್ಸು ಹತ್ತಿದಳು. ಕೊಟ್ಟೂರೇಶ್ ಗಿರಾಕಿಗಳ ಜೊತೆ ಮಾತಾಡುತ್ತ ಕೂತಿದ್ದರು. ಅವಳು ಫ್ರೇಮನ್ನು ಅವರ ಮೇಜಿನ ಮೇಲೆ ಧಡ್ಡನೆ ಇಟ್ಟಳು.

"ಹೆಣ್ಮಗಳು, ಏನು ಗೊತ್ತಾಗುತ್ತೆ ಅಂತ ಗುಜರಿ ಕಳಿಸಿದ್ರೇನ್ರಿ? ನಿಮ್ಮ ಕಣ್ಣ ಮುಂದೇನೇ ಅಲ್ವಾ ಗುರುತು ಹಾಕಿ ಹೋಗಿದ್ದು?"

ಇನ್ನೂ ಬಹಳ ಅಂದಳು. ಮೋಸಗಾರ ಎಂದಳು, ಕಳ್ಳ ಎಂದಳು. ಗಿರಾಕಿಗಳು ಎದ್ದು ನಿಂತರು. ಕೊಟ್ಟೂರೇಶ್ ಅವಳ ಮಾತು ಮುಗಿಯುವವರೆಗೆ ಕಾದರು.

"ಬರ್ರಿ ಇಲ್ಲಿ," ಎಂದು ಶೆಡ್ಡಿನ ಹಿಂದಿನ ಮೂಲೆಗೆ ಕರೆದುಕೊಂಡು ಹೋದರು. ಅಲ್ಲಿ ಖಾಲಿ ಜಾಗವಿತ್ತು. "ಇವು ಇಲ್ಲಿ ಬಿದ್ದಿದ್ವು. ತೂಕಕ್ಕೆ ಹಾಕೋಣ ಅಂತ ಇಟ್ಟಿದ್ದೆ. ನೀವು ಗುರುತು ಹಾಕಿದ್ವು ಬ್ಯಾರೆ. ಎರಡನ್ನೂ ನಿಮ್ಮ ತಮ್ಮನೇ ಒಯ್ದಾರೆ. ಇವನ್ನೂ ಅಕ್ಕ ತಗಂಬಾ ಅಂದಾಳೆ, ಬಿಡಿ ಭಾಗಕ್ಕೆ ಬೇಕಂತೆ ಅಂದ್ರು. ತೂಕದ ರೇಟಿಗೆ ಕೊಟ್ಟೆ."

ದುರುಗಮ್ಮ ಅಷ್ಟು ಜನರೆದುರು ಈ ಮನುಷ್ಯನನ್ನು ಕಳ್ಳನೆಂದು ಕರೆದಿದ್ದಳು.

"ತಪ್ಪಾತ್ರಿ," ಎಂದಳು. ಅವರು ನೀರು ಕೊಡಲು ಬಂದರೂ ಕುಡಿಯದೆ ಹೊರಬಿದ್ದಳು.

ಮಾರುತಿಯ ಅಂಗಡಿಗೆ ನಡೆದೇ ಹೋದಳು. ಅವಳು ಕೊಟ್ಟ ಟೇಬಲ್ಲಿನ ಮೇಲೆ ಅವಳು ಆರಿಸಿದ ಫ್ರೇಮು ಮಲಗಿತ್ತು. ಬಟ್ಟೆ ಎಳೆದು ಯಾವುದೋ ಕಂಪನಿಯ ಚಿತ್ರವನ್ನೂ ಇಳಿಸಿಯಾಗಿತ್ತು. ಉಳಿದವು ಗೋಡೆಗೆ ಒರಗಿದ್ದವು. ನೀಲಿ ಗುರುತನ್ನು ಒರೆಸುವ ಗೋಜಿಗೂ ಅವನು ಹೋಗಿರಲಿಲ್ಲ. ಅಕ್ಕ ಇಲ್ಲಿಯವರೆಗೆ ಬರುವುದಿಲ್ಲ, ಬಂದರೂ ಏನು ಮಾಡುತ್ತಾಳೆ ಎಂದುಕೊಂಡಿದ್ದ. ಅದು ಅವಳನ್ನು ಕಳ್ಳತನಕ್ಕಿಂತ ಹೆಚ್ಚು ಉರಿಸಿತು.

"ಇವು ಯಾರವಲೇ?" ಎಂದಳು.

ಮಾರುತಿ ಕೈಯಲ್ಲಿದ್ದ, ಇಂಕು ಎಳೆಯುವ ಸ್ಕ್ವೀಜಿಯನ್ನು ಕೆಳಗಿಟ್ಟ. ಮೊದಲು ಅದಲುಬದಲಾಗಿರಬೇಕು ಎಂದ. ಅವಳು ಕೊಟ್ಟೂರೇಶ್ ಹೇಳಿದ್ದನ್ನು ತಿಳಿಸಿದ ಮೇಲೆ ಅವನ ದನಿ ಬದಲಾಯಿತು.

"ನನಗೆ ದೊಡ್ಡ ಕಂಪನಿ ಕೆಲಸ ಬಂದೈತೆ ಅಕ್ಕ. ಇದು ಕೈತಪ್ಪಿದ್ರೆ ಅಂಗಡಿ ಏಳಲ್ಲ. ನಿನಗೇನು, ಭಾವನ ಸಂಬಳ ಬರ್ತೈತೆ. ನೀನು ಮಾಡೋದು ಹೊತ್ತು ಹೋಗ್ಲಿ ಅಂತ. ನಿನ್ನ ದುಡ್ಡು ಬೇಕಾದ್ರೆ ವಾಪಸ್ ಕೊಡ್ತೀನಿ."

ಸ್ಪ್ಯಾನರ್ ಅವಳ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಒಂದೇ ಒಂದು ಸುತ್ತು ಸಡಿಲಿಸಿದರೆ ಬಟ್ಟೆ ಜೋಲುಬಿದ್ದು ಅವನ ಕಂಪನಿ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಅವಳ ಕೈ ಅಲ್ಲಿಯವರೆಗೂ ಹೋಯಿತು. ಸ್ಪ್ಯಾನರನ್ನು ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.

"ಇದೂ ನಂದೇ," ಎಂದಳು. "ಹೊತ್ತು ಹೋಗ್ಲಿ ಅಂತ ಮಾಡಿದ್ರೆ ನಿನಗೆ ಈ ಕೆಲಸ ಯಾರಲೇ ಕಲಿಸ್ತಿದ್ರು? ದುಡ್ಡು ಬ್ಯಾಡ. ನಾಳೆ ಫ್ರೇಮು ತಂದು ಇಳಿಸು."

ಅವನು ತರಲಿಲ್ಲ. ಮರುದಿನ ಫೋನು ಎತ್ತಲಿಲ್ಲ. ಅದರ ಬದಲು ಭಾನುವಳ್ಳಿಯಿಂದ ತಾಯಿ ನಾಗರತ್ನಮ್ಮನ ಫೋನು ಬಂತು. ಕಬ್ಬಿಣದ ತುಂಡಿಗೆ ಅಕ್ಕ ತಮ್ಮ ಜಗಳಾಡಿದರೆ ಜನ ನಗುತ್ತಾರೆ, ದೊಡ್ಡವಳು ನೀನೇ ಸೋಲಬೇಕು ಎಂದಳು ತಾಯಿ. ಗಂಡನೂ ಊಟದ ಹೊತ್ತಿಗೆ ಅದನ್ನೇ ಅಂದ. ದುರುಗಮ್ಮ ತಟ್ಟೆ ಸರಿಸಿ ಎದ್ದಳು. ಕದ್ದವನಿಗೆ ಯಾರೂ ಏನೂ ಹೇಳುತ್ತಿಲ್ಲ. ಎಲ್ಲರಿಗೂ ಕಾಣುತ್ತಿರುವುದು ಅವಳ ಸಿಟ್ಟು ಮಾತ್ರ.

ಶಾಲೆಯ ಕೆಲಸ ಅವಳಿಗಾಗಿ ಕಾಯುವಂತಿರಲಿಲ್ಲ. ಗುಜರಿ ಫ್ರೇಮುಗಳನ್ನೆಲ್ಲ ಆಟೋದಲ್ಲಿ ಹಾಕಿಕೊಂಡು ಲೇತ್ ಕೆಲಸದ ಅಬ್ರಾರನ ಹತ್ತಿರ ಹೋದಳು. ಅಬ್ರಾರ್ ಒಂದೊಂದನ್ನೂ ತಿರುಗಿಸಿ ನೋಡಿದ.

"ಬಾಗಿದ ಪೈಪು ಸೀದಾ ಆಗಲ್ಲ ಅಕ್ಕೋರೆ, ಸುಳ್ಳು ಹೇಳಲ್ಲ," ಎಂದ. "ಆದ್ರೆ ಎಲ್ಲವೂ ಬಾಗಿಲ್ಲ. ಬಿಚ್ಚಿ ಚಲೋ ಇರೋವನ್ನ ಒಂದಕ್ಕೊಂದು ಜೋಡಿಸಾನ. ಹೋಗಿರೋ ಬೋಲ್ಟಿಗೆ ಹೊಸ ಥ್ರೆಡ್ಡು ಕೊರೀತೀನಿ."

ಇಬ್ಬರೂ ಕೂತು ಬಿಚ್ಚಿದರು. ಅವಳು ಪೈಪುಗಳನ್ನು ಅವನ ಸಪಾಟು ಕಬ್ಬಿಣದ ಹಲಗೆಯ ಮೇಲೆ ಉರುಳಿಸಿ, ಕುಣಿಯುವುದನ್ನು ಎಸೆದು, ಸಮವಾಗಿ ಉರುಳುವುದನ್ನು ಅವನ ಕಡೆ ತಳ್ಳಿದಳು. ಕೊನೆಗೆ ನಾಲ್ಕು ಫ್ರೇಮು ನಿಂತವು. ಮೂರು ಬಣ್ಣಕ್ಕೆ ಮೂರು ಸಾಕಾಗಿತ್ತು. ಬಟ್ಟೆ ಎಳೆದು ಬೆರಳಿನಿಂದ ಬಡಿದಾಗ ಅದು ತಮಟೆಯ ಚರ್ಮದಂತೆ ನುಡಿಯಿತು. ಟೀ ಶರ್ಟುಗಳ ಮೇಲೆ ಕೇಸರಿಯ ಪಕ್ಕ ಬಿಳಿ, ಬಿಳಿಯ ಪಕ್ಕ ಹಸಿರು ಒಂದು ಕೂದಲೆಳೆಯಷ್ಟೂ ಸರಿಯದೆ ಕೂತವು. ಅವಳಿಗೆ ಖುಷಿಯಾಯಿತು. ಸಿಟ್ಟು ಮಾತ್ರ ಹಾಗೇ ಇತ್ತು.

ನಾಗರಪಂಚಮಿಯ ಹಿಂದಿನ ದಿನ ಮಾರುತಿ ತಾಯಿಯನ್ನು ಕರೆದುಕೊಂಡು ಅಕ್ಕನನ್ನು ಹಬ್ಬಕ್ಕೆ ಕರೆಯಲು ಬಂದ. ಕೈಯಲ್ಲಿ ಒಂದು ಸೀರೆಯ ಕವರು, ಅದರ ಜೊತೆಗೆ ನೀಲಿ ಗುರುತಿನ ಎರಡು ಫ್ರೇಮು.

"ನಿನ್ನ ತಮ್ಮ ಉಡುಗೊರೆ ತಂದಾನೆ, ಇಸ್ಕಾ," ಎಂದಳು ನಾಗರತ್ನಮ್ಮ.

"ನಂದನ್ನೇ ನನಗೆ ಉಡುಗೊರೆ ಕೊಡ್ತಾನೇನವ್ವ?" ಎಂದಳು ದುರುಗಮ್ಮ. ದನಿ ಎತ್ತರಿಸಲಿಲ್ಲ. "ಇವನು ಸುಳ್ಳು ಹೇಳಿ ನನ್ನ ಮಾಲು ಹೊತ್ಕಂಡು ಹೋದ. ಇವನಿಂದ ನಾನು ತಪ್ಪಿಲ್ಲದೋರನ್ನ ಕಳ್ಳ ಅಂದು ಬಂದೆ. ಅದನ್ನ ನೀನು ಕೇಳಿದ್ಯಾ ಅವನಿಗೆ? ನನಗೆ ಮಾತ್ರ ಸುಮ್ನಿರು ಅಂತೀಯ."

ನಾಗರತ್ನಮ್ಮ ಮಗನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ತಾಯಿಗೆ ಇಷ್ಟು ವಿವರವನ್ನು ಅವನು ಹೇಳಿರಲಿಲ್ಲ. ಅವಳು ಅವನ ಕಡೆ ತಿರುಗಿ, "ಉಳಿದವನ್ನೂ ತಂದ್ಕೊಡು" ಎಂದಷ್ಟೇ ಅಂದಳು.

ದುರುಗಮ್ಮ ಎರಡು ಫ್ರೇಮುಗಳನ್ನು ಒಳಗಿಟ್ಟಳು. ಸೀರೆಯನ್ನು ಮುಟ್ಟಲಿಲ್ಲ. ಮರುದಿನ ಅವನ ಗಾಡಿ ಹತ್ತದೆ ಬಸ್ಸಿನಲ್ಲೇ ಭಾನುವಳ್ಳಿಗೆ ಹೋಗಿ, ತಾಯಿ ಕಟ್ಟಿದ ಶೇಂಗಾ ಉಂಡಿ ತಿಂದು ಬಂದಳು.

ಉಳಿದ ಫ್ರೇಮುಗಳು ಕಂಪನಿ ಕೆಲಸ ಮುಗಿದ ಮೇಲೆ ಒಂದೊಂದಾಗಿ ಬಂದವು. ಕೊನೆಯದನ್ನು ತಂದ ದಿನ ಮಾರುತಿ ಬಾಗಿಲಲ್ಲೇ ನಿಂತು, ತಾನೀಗ ಬೇರೆ ಕಡೆ ಹಳೆಯ ರೋಲರ್ ಫ್ರೇಮು ಕೊಂಡಿದ್ದೇನೆ, ಬಿಗಿ ಮಾಡುವಾಗೆಲ್ಲ ಬಟ್ಟೆ ಮೂಲೆಯಲ್ಲಿ ಹರಿಯುತ್ತಿದೆ, ಯಾಕೆ ಎಂದು ಕೇಳಿದ.

"ಮೂಲೆನಾಗ ಸ್ವಲ್ಪ ಸಡಿಲ ಬಿಟ್ಟು ಕೂರಿಸ್ಬೇಕು. ಆಮೇಲೆ ನಾಲ್ಕು ಕಡೆನೂ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಬರ್ಬೇಕು," ಎಂದಳು ದುರುಗಮ್ಮ. ಬಟ್ಟೆ ಹಾಳಾಗುವುದು ಅವಳಿಗೆ ಇಷ್ಟವಿರಲಿಲ್ಲ.

ಅವನು ಇನ್ನೂ ನಿಂತಿದ್ದ. ಒಳಗೆ ಬಾ ಎಂದು ಅವಳು ಕರೆಯಲಿಲ್ಲ. ಟೇಬಲ್ಲಿನ ಮೇಲಿದ್ದ ಬಟ್ಟೆ ಚೀಲವನ್ನು ಫ್ರೇಮಿನ ಕೆಳಗೆ ಸರಿಮಾಡಿ, ಅಚ್ಚುಹಾಕುವುದನ್ನು ಮುಂದುವರಿಸಿದಳು.