ಮೊದಲ ಚುಚ್ಚು ನಮ್ಮವರ ಬೆರಳಿಗೆ

ನಾನು ಕಡೂರಿನ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಾಗ ವಿಶ್ವವಿದ್ಯಾಲಯದಿಂದ ಒಂದು ಯೋಜನೆ ಬಂತು. ಆರೋಗ್ಯದ ಮಾತನ್ನು ಮೇಷ್ಟ್ರು ಹೇಳಿದರೆ ಹುಡುಗರ ಕಿವಿಗೆ ಇಳಿಯುವುದಿಲ್ಲ, ಓರಗೆಯವರೇ ಹೇಳಬೇಕು ಎನ್ನುವುದು ಅದರ ಲೆಕ್ಕಾಚಾರ. ಕೆಲವರನ್ನು ಆರಿಸಿ, ತರಬೇತಿ ಕೊಟ್ಟು, ಎದೆಗೊಂದು ಬಿಲ್ಲೆ ಸಿಕ್ಕಿಸಿ, ಪೀರ್ ಎಜುಕೇಟರ್ ಎಂದರು. ಆ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಹೆಣ್ಣುಮಕ್ಕಳ ರಕ್ತಹೀನತೆ ಪತ್ತೆ ಮಾಡುವುದೇ ನಮ್ಮ ಮುಖ್ಯ ಕೆಲಸ. ಹಾಗಾಗಿ ಹೋದಲ್ಲೆಲ್ಲ ನಾವು ‘ರಕ್ತದ ಹುಡ್ಗೀರು’ ಆಗಿಬಿಟ್ಟೆವು.

ನನ್ನ ಜೋಡಿಗೆ ಸಿಕ್ಕವಳು ತರೀಕೆರೆ ಪೇಟೆಯವಳು, ದಿನಾ ರೈಲಿನಲ್ಲಿ ಬರುತ್ತಿದ್ದಳು. ಅವರಪ್ಪ ಪಂಪ್‌ಸೆಟ್ಟಿನ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದರು. ಮನೆಯಲ್ಲಿ ದಖ್ಖನಿ ಉರ್ದು, ಹೊರಗೆ ನನಗಿಂತ ಚೊಕ್ಕ ಕನ್ನಡ. ನಾನೋ ಅಜ್ಜಂಪುರದ ಕಡೆಯ ರೈತರ ಮನೆಯವಳು, ಮೂಗಿನ ತುದಿಯಲ್ಲೇ ಕೋಪ. ಕಬ್ಬಿಣದ ಮಾತ್ರೆ ತಗೊಳ್ರೇ ಎಂದರೆ ಹಲ್ಲು ಕಿರಿಯುವ ಹುಡುಗಿಯರ ಮೇಲೆ ರೇಗಿಬಿಡುತ್ತಿದ್ದೆ. ಅವಳು ನನ್ನ ದುಪಟ್ಟಾ ಜಗ್ಗುವಳು. “ನಕ್ಕೋ ಕಣೇ, ಬ್ಯಾಡ! ನೀನು ಹಿಂಗೆ ಬೈದ್ರೆ ಇರೋ ರಕ್ತಾನೂ ಇಂಗೋಗ್ತದೆ ಅವ್ರಿಗೆ.” ಹುಡುಗಿಯರು ನಗುತ್ತಿದ್ದರು, ನಕ್ಕವರು ಕೈ ಚಾಚಿ ಮಾತ್ರೆ ಈಸಿಕೊಳ್ಳುತ್ತಿದ್ದರು.

ಸೂಜಿ ಎಂದರೆ ಎಲ್ಲರಿಗೂ ಭಯ. ಅದಕ್ಕೇ ತರಬೇತಿಯಲ್ಲಿ ಒಂದು ಪದ್ಧತಿ ಹೇಳಿಕೊಟ್ಟಿದ್ದರು. ಯಾವ ಶಿಬಿರದಲ್ಲೇ ಆಗಲಿ, ಎಲ್ಲರೂ ನೋಡುವ ಹಾಗೆ ಮೊದಲ ಚುಚ್ಚು ನಮ್ಮವರ ಬೆರಳಿಗೆ ಬೀಳಬೇಕು. ನಾನು ಮೈಕು ಹಿಡಿಯುತ್ತಿದ್ದೆ, ಬೆರಳು ಕೊಡುತ್ತಿದ್ದವಳು ಅವಳು. ನರ್ಸಮ್ಮ ಚುಚ್ಚಿ, ಮೂಡಿದ ಹನಿಯನ್ನು ಎಲ್ಲರಿಗೂ ತೋರಿಸಿ, ಹತ್ತಿಯಲ್ಲಿ ಒರೆಸಿಬಿಡುತ್ತಿದ್ದರು. ರಕ್ತದ ಅಂಶ ಅಳೆಯುವ ಯಂತ್ರಕ್ಕೆ ಹಾಕುವ ಪಟ್ಟಿಗಳು ಎಂದೂ ಸಾಲುತ್ತಿರಲಿಲ್ಲ. ತೋರಿಕೆಯ ಹನಿಗೆ ಒಂದು ಪಟ್ಟಿ ಹಾಳು ಮಾಡಿದರೆ ಬಂದ ಹುಡುಗಿಯೊಬ್ಬಳಿಗೆ ತಪ್ಪುತ್ತದೆ. ಒಂದು ಸಲ ನರ್ಸಮ್ಮ, “ನಿಂದೂ ನೋಡ್ಬಿಡ್ಲೇನೇ?” ಎಂದಾಗ, “ಬ್ಯಾಡ ಸಿಸ್ಟರ್, ನಂಗೇನಾಗೈತೆ? ಗುಂಡುಕಲ್ಲು ಇದ್ದಂಗಿದೀನಿ” ಎಂದು ಕೈ ಹಿಂದಕ್ಕೆ ಎಳೆದುಕೊಂಡಳು.

ಅವಳು ತುಂಬ ಬೆಳ್ಳಗಿದ್ದಳು. ಯಗಟಿಯ ಶಿಬಿರದಲ್ಲಿ ಒಬ್ಬ ಹೆಂಗಸು ಅವಳ ಗಲ್ಲ ಹಿಡಿದು, “ಯಾವ ಸೋಪು ಹಾಕ್ತೀಯವ್ವಾ, ನಮ್ಮ ಹುಡ್ಗೀಗೂ ಹೇಳು” ಎಂದು ಕೇಳಿದ್ದಳು. ಕೆಳರೆಪ್ಪೆ ಎಳೆದು ಒಳಗೆ ಕೆಂಪಿದೆಯೋ ಬಿಳಿಚಿದೆಯೋ ನೋಡುವುದನ್ನು ನೂರಾರು ಹುಡುಗಿಯರಿಗೆ ಕಲಿಸಿದವಳು ಅವಳೇ. ಅವಳ ರೆಪ್ಪೆ ಎಳೆದು ನೋಡುವ ಯೋಚನೆ ನಮ್ಮಲ್ಲಿ ಯಾರಿಗೂ ಬರಲಿಲ್ಲ. ದೀಪದ ಬುಡ ಕತ್ತಲೆ ಎಂದು ಯಾರಾದರೂ ಗಾದೆ ಹೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಬಸ್ಸು ಹತ್ತಿದ ಮೇಲೆ ಅವಳು ಏದುಸಿರು ಬಿಡುತ್ತಿದ್ದಳು, ನಾನು “ಏನಜ್ಜೀ, ಕೋಲು ಬೇಕಾ?” ಎಂದು ರೇಗಿಸುತ್ತಿದ್ದೆ. ತೋಳಿನಲ್ಲಿ ನೀಲಿಗಟ್ಟಿದ್ದನ್ನು ಕೇಳಿದಾಗ ಬಸ್ಸಿನ ಕಂಬಿ ತಗುಲಿತು ಎಂದಳು. ಕಡೂರಿನ ಬಸ್ಸುಗಳಲ್ಲಿ ಯಾರಿಗೆ ಕಂಬಿ ತಗುಲುವುದಿಲ್ಲ ಹೇಳಿ.

ಲಿಂಗದಹಳ್ಳಿಯ ಶಿಬಿರದಲ್ಲಿ ಎಂದಿನಂತೆ ಮೊದಲು ಅವಳ ಬೆರಳಿಗೆ ಚುಚ್ಚಿದರು. ಅವತ್ತು ರಕ್ತ ನಿಲ್ಲಲಿಲ್ಲ. ಒಂದು ಹತ್ತಿ ತೊಯ್ದು ಇನ್ನೊಂದು ಇಟ್ಟರು, ಅದೂ ತೊಯ್ದಿತು. ಮುಂದೆ ಕೂತಿದ್ದ ಹುಡುಗಿಯೊಬ್ಬಳು, “ಅಯ್ಯೋ, ಅಕ್ಕಂಗೆ ರಕ್ತ ಎಷ್ಟೊಂದೈತೆ!” ಎಂದಳು. ಅವಳು ಬೆರಳನ್ನು ಮೇಲೆತ್ತಿ, “ನೋಡ್ರೇ, ಸೊಪ್ಪು ತಿಂದ್ರೆ ಹಿಂಗಾಗ್ತದೆ!” ಎಂದು ನಕ್ಕಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮೈಕಿನಲ್ಲಿ ಇನ್ನೊಂದು ಸಲ ತಟ್ಟಿಸಿದೆ.

ಆ ತಿಂಗಳಲ್ಲೇ ಅವಳು ಕಡೂರಿನ ಪ್ಲಾಟ್‌ಫಾರಂ ಮೇಲೆ ಬಿದ್ದಳು. ಶಿವಮೊಗ್ಗಕ್ಕೆ ಒಯ್ದರು. ಮೂಳೆಯ ಮಜ್ಜೆಯಲ್ಲಿ ರಕ್ತ ಹುಟ್ಟುವುದೇ ನಿಂತುಹೋಗಿದೆ, ಮುಂಚೆಯೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು ಡಾಕ್ಟರು. ನಮ್ಮ ಹುಡುಗರು ಸರದಿಯಲ್ಲಿ ಹೋಗಿ ರಕ್ತ ಕೊಟ್ಟು ಬಂದರು. ನಾನು ನೋಡಲು ಹೋದಾಗ ಅವಳ ತುಟಿ ಸುಣ್ಣದ ಹಾಗಿತ್ತು, ಬಾಯಿ ಮಾತ್ರ ಸುಮ್ಮನಿರಲಿಲ್ಲ. “ನಿನ್ನ ರಕ್ತ ಹಾಕ್ಬ್ಯಾಡ್ರಿ ಅಂತ ಡಾಕ್ಟ್ರಿಗೆ ಹೇಳಿದೀನಿ ಕಣೇ. ಆಮೇಲೆ ನಂಗೂ ಕೋಪ ಹತ್ಕೊಂಡ್ರೆ?” ನಾನು ಹೊರಗೆ ಬಂದು ಗೋಡೆಗೆ ಮುಖ ಕೊಟ್ಟು ಅತ್ತೆ. ರಂಜಾನ್ ಬರುವ ಮೊದಲೇ ಅವಳು ಹೋಗಿಬಿಟ್ಟಳು. ಅಷ್ಟು ಒಳ್ಳೆಯ ಗೆಳತಿ ನನಗೆ ಮತ್ತೆ ಸಿಗಲಿಲ್ಲ.

ಅವಳು ಹೋದಮೇಲೆ ನಾನು ಹೋದ ಮೊದಲ ಶಿಬಿರ ಲಕ್ಕವಳ್ಳಿಯಲ್ಲಿ. ಬೆರಳು ಕೊಡುವ ಸರದಿ ನನ್ನದಾಯಿತು. ನರ್ಸಮ್ಮ ಚುಚ್ಚಿ ಹತ್ತಿ ತೆಗೆದುಕೊಂಡರು ನೋಡಿ, ನನಗೆ ಎಲ್ಲಿತ್ತೋ ಸಿಟ್ಟು. “ಒರೆಸ್ಬೇಡಿ! ಮಿಶಿನ್ನಿಗೆ ಹಾಕಿ! ಇಲ್ದಿದ್ರೆ ಇವತ್ತು ಶಿಬಿರನೂ ಬೇಡ, ಏನೂ ಬೇಡ!” ಎಂದು ತುಂಬಿದ ಸಭೆಯಲ್ಲಿ ಕೂಗಾಡಿದೆ. ನಮ್ಮ ಜೊತೆ ಬಂದಿದ್ದ ಕಾಲೇಜಿನ ಮೇಷ್ಟ್ರು ದಂಗಾಗಿ ನಿಂತರು. ನನ್ನ ಬಾಯಿಗೆ ಹೆದರಿಯೋ ಏನೋ, ಅವತ್ತಿನಿಂದ ನಮ್ಮವರ ಹನಿಯನ್ನೂ ಪರೀಕ್ಷೆ ಮಾಡುವುದು ಶುರುವಾಯಿತು.

ಅವಳ ತಾಯಿಗೆ ಇದನ್ನು ಹೇಳಬೇಕು, ನಿಮ್ಮ ಮಗಳಿಂದ ಇಷ್ಟಾದರೂ ಒಳ್ಳೆಯದಾಯಿತು ಎನ್ನಬೇಕು ಎಂದು ತರೀಕೆರೆಗೆ ಹೋದೆ. ಆಕೆ ಚಾಪೆ ಹಾಸಿ, ಚಹಾ ಕೊಟ್ಟು, ನನ್ನ ಎದುರಿಗೆ ಕೂತರು. ನಾನು ಎಲ್ಲವನ್ನೂ ಹೇಳಿದೆ. ಇನ್ನು ಮುಂದೆ ನಮ್ಮ ರಕ್ತವನ್ನೂ ನೋಡುತ್ತಾರಮ್ಮ ಎಂದೆ.

ಆಕೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

“ಹಂಗಾದ್ರೆ ಅವಳ್ದು ನೋಡ್ತಿರ್ಲಿಲ್ವಾ, ಬೇಟಾ?”

ಇಲ್ಲ ಎಂದು ತಲೆಯಾಡಿಸಿದೆ.

“ಸುಸ್ತು ಸುಸ್ತು ಅಂತಿದ್ಳು. ಅವರಪ್ಪ ಡಾಕ್ಟ್ರ ಹತ್ರ ಕರ್ಕೊಂಡು ಹೋಗಣ ಅಂದ್ರು. ನಾನೇ ಬೇಡ ಅಂದೆ,” ಎಂದರು ಆಕೆ. “ವಾರವಾರ ಬೆರಳು ಚುಚ್ಕೊಂಡು ಬರ್ತಿದ್ಳಲ್ಲ. ಏನಾದ್ರೂ ಇದ್ರೆ ಇವಳ ಕಾಲೇಜಿನವರು ಹೇಳ್ತಿರ್ಲಿಲ್ವಾ ಅಂದೆ.”