ಅಜ್ಜಿಯ ಕಷಾಯದ ಅಳತೆ

ಕೊರೊನಾ ಕಾಲದಲ್ಲಿ ನಮ್ಮ ಬೀದಿಯ ಮನೆಮನೆಯಲ್ಲೂ ಕಷಾಯ ಕುದಿಯುತ್ತಿತ್ತು. ಮೆಣಸು, ಶುಂಠಿ, ಅಮೃತಬಳ್ಳಿ, ಮೇಲೊಂದು ಚೂರು ಬೆಲ್ಲ. ಆ ಘಾಟು ಕಿಟಕಿಯಿಂದ ಒಳಬಂದಾಗಲೆಲ್ಲ ನಾನು ಜಾವಗಲ್ಲಿನ ನಮ್ಮ ಹಳೆಯ ಅಡುಗೆಮನೆಯಲ್ಲಿರುತ್ತಿದ್ದೆ. ಒಲೆಯ ಮುಂದೆ ಅಜ್ಜಿ, ಅವಳ ಕೈಯಲ್ಲಿ ಹಿತ್ತಾಳೆ ಲೋಟ. ಅಂಥ ಒಬ್ಬ ಅಜ್ಜಿಯ ಕೈಯಲ್ಲಿ ನೀವೂ ಮೂಗು ಹಿಡಿಸಿಕೊಂಡು ಕುಡಿದಿದ್ದರೆ ನನ್ನ ಸಂಕಟ ಅರ್ಥವಾದೀತು.

ಐವತ್ತರ ದಶಕದ ಕೊನೆಯಲ್ಲಿ, ಊರಿಗೂರೇ ಫ್ಲೂ ಜ್ವರದಲ್ಲಿ ಮಲಗಿದ ವರ್ಷ ನನಗೆ ಎಂಟು. ಅಜ್ಜಿಗೆ ಜ್ವರಕ್ಕಿಂತ ಆಸ್ಪತ್ರೆಯ ಮಾತ್ರೆಯದೇ ಭಯ. "ಅದು ಕರುಳು ಸುಡುತ್ತೆ ಕಣೋ, ಮನೆಯೊಳಗೆ ತರಬೇಡ" ಎಂದು ಅಪ್ಪನಿಗೆ ಕಟ್ಟುನಿಟ್ಟಾಗಿ ಹೇಳಿದ್ದಳು. ನನಗೆ ಜ್ವರ ಏರಿದಾಗ ಮೇಷ್ಟರಾಗಿದ್ದ ಅಪ್ಪ ತಾಯಿಗೆ ಎದುರಾಡಲಿಲ್ಲ. ಅರಸೀಕೆರೆಯಿಂದ ಬಿಳಿ ಮಾತ್ರೆ ತಂದು, ಅವಳು ಪೂಜೆಗೆ ಕೂತಾಗ ಜೇನಿನಲ್ಲಿ ಅರೆದು ನೆಕ್ಕಿಸಿದರು. "ಅಜ್ಜಿಗೆ ಹೇಳಬೇಡ ಪುಟ್ಟಿ, ನೊಂದ್ಕೋತಾಳೆ." ನಾಲ್ಕನೇ ದಿನ ನಾನು ಎದ್ದು ಕೂತೆ. ಅಜ್ಜಿಯ ಹಿಗ್ಗು ಹೇಳತೀರದು, "ನೋಡಿದಿರೇನ್ರೇ ನನ್ನ ಕಷಾಯ!" ಎಂದು ಬೀದಿಗೆಲ್ಲ ಸಾರಿದಳು.

ಪಕ್ಕದ ಮನೆಯ ನಂಜಮ್ಮನ ಮಗಳು ಗಿರಿಜ ನನ್ನ ಕುಂಟೆಬಿಲ್ಲೆಯ ಜೊತೆಗಾತಿ. ಅವಳೂ ಮಲಗಿದಳು, ಏದುಸಿರು ಬಿಡತೊಡಗಿದಳು. ನಂಜಮ್ಮ ಮಗಳನ್ನು ಹೊತ್ತು ಅರಸೀಕೆರೆ ಬಸ್ಸಿಗೆ ಹೊರಟಾಗ ಅಜ್ಜಿ ಬೀದಿಯಲ್ಲೇ ತಡೆದಳು. "ಎಲ್ಲಿಗೇ ಹೋಗ್ತೀ? ನಮ್ಮ ಪುಟ್ಟಿ ಎದ್ದು ಓಡಾಡ್ತಿಲ್ವೇನೇ?"

ನಂಜಮ್ಮ ನನ್ನತ್ತ ತಿರುಗಿದಳು. "ಹೌದಾ ಪುಟ್ಟಮ್ಮ? ಬರೀ ಕಸಾಯದಲ್ಲೇ ವಾಸಿ ಆಯ್ತಾ?"

ಅಪ್ಪ ಶಾಲೆಗೆ ಹೋಗಿದ್ದರು. ಅಜ್ಜಿ ನನ್ನನ್ನೇ ನೋಡುತ್ತಿದ್ದಳು, ಮುಖದ ತುಂಬ ಹೆಮ್ಮೆ. ನಾನು ಹೂಂ ಎಂದು ತಲೆಯಾಡಿಸಿದೆ. ಅಯ್ಯೋ, ಆ ಹೂಂ! "ಹಂಗಾರೆ ಇನ್ನೇನೈತೆ, ಬಸ್ಸು ಬ್ಯಾಡ" ಎಂದು ನಂಜಮ್ಮ ಮಗಳನ್ನು ಒಳಕ್ಕೆ ಹೊತ್ತೊಯ್ದಳು.

ಮೂರು ದಿನ ಅಜ್ಜಿ ಊಟತಿಂಡಿ ಬಿಟ್ಟು ಗಿರಿಜಳ ಪಕ್ಕ ಕೂತು ಗುಟುಕು ಗುಟುಕಾಗಿ ಕುಡಿಸಿದಳು. ಗಿರಿಜ ಉಳಿಯಲಿಲ್ಲ. ಮಾತ್ರೆ ಕೊಟ್ಟಿದ್ದರೆ ಉಳಿಯುತ್ತಿದ್ದಳೋ ಏನೋ, ದೇವರೇ ಬಲ್ಲ. ನನ್ನನ್ನು ಉಳಿಸಿದ್ದು ಯಾವುದೆಂದೂ ನನಗೆ ಇಂದಿಗೂ ತಿಳಿಯದು. ಆದರೆ ಅವತ್ತು ಕೇಳಿದ್ದು ನನ್ನನ್ನು, ಸುಳ್ಳು ಹೇಳಿದ್ದೂ ನಾನೇ.

ಅಜ್ಜಿ ಆಮೇಲೆ ಯಾರಿಗೂ ಕಷಾಯ ಮಾಡಿಕೊಡಲಿಲ್ಲ. ಕಣ್ಣು ಮಂಜಾದ ಕಾಲಕ್ಕೂ ನನ್ನ ಕೈ ಹಿಡಿದು ಕೇಳುತ್ತಿದ್ದಳು, "ನಿನಗೆ ಹಾಕಿದ್ದನ್ನೇ ಅವಳಿಗೂ ಹಾಕಿದ್ದೆ ಕಣೇ ಪುಟ್ಟಿ. ಮೆಣಸು ಒಂದೆರಡು ಕಡಮೆ ಬಿತ್ತೇನೇ?"

"ಇಲ್ಲ ಅಜ್ಜಿ, ನೀನು ಸರಿಯಾಗೇ ಹಾಕಿದ್ದೆ" ಎನ್ನುತ್ತಿದ್ದೆ. ಮಾತ್ರೆಯ ಸುದ್ದಿ ಅಪ್ಪನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ಮೆಣಸು ಎಣಿಸುತ್ತಲೇ ಹೋದಳು.