ಒಡೆದ ನೀರು

ಹೆಮ್ಮರಗಾಲದ ಹಾಲಿನ ಡೈರಿ ಮುಂದೆ ನಿಂತು ನಾನು ಹೈಡ್ರೋಜನ್ ಬಗ್ಗೆ ಹೇಳುತ್ತಿದ್ದೆ. ಹತ್ತಿರದಲ್ಲೇ ಅದನ್ನು ತಯಾರಿಸುವ ನಮ್ಮ ಕಂಪನಿಯ ಘಟಕ ಬರುವುದಿತ್ತು, ಊರವರಿಗೆ ತಿಳಿಸಿ ಹೇಳುವ ಕೆಲಸ ನನ್ನದು. "ಸೋಲಾರ್ ಕರೆಂಟಲ್ಲಿ ನೀರನ್ನ ಒಡೀತೀವಿ, ಅದರಿಂದ ಬಸ್ಸು ಓಡಿಸೋ ಗ್ಯಾಸ್ ಬರುತ್ತೆ" ಅಂದೆ.

ಹಾಲಿನ ಕ್ಯಾನ್ ಹಿಡಿದಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬ ಅಜ್ಜಿ ಮುಂದೆ ಬಂದರು.

"ಒಡ್ದೋದ್ ಆಲ್ನ ಈ ಡೈರೀಲೇ ತಕ್ಕೊಳಲ್ಲ ಸಾ. ನೀವು ಒಡ್ದೋದ್ ನೀರ್ನ ನಮ್ ಬೋರ್‌ವೆಲ್ಗೆ ಬುಟ್ಬುಟ್ರೆ ನಾವೇನ್ ಕುಡಿಯವಾ?"

ಡೈರಿ ಮುಂದೆ ನಿಂತು 'ಒಡೀತೀವಿ' ಅಂದಿದ್ದು ನನ್ನದೇ ಎಡವಟ್ಟು. ಅಜ್ಜಿಯ ಭಯ ಮಾತ್ರ ನ್ಯಾಯವಾದದ್ದೇ.

"ಇದು ಹಾಲಿನ ಥರ ಕೆಡಲ್ಲ ಅಜ್ಜಿ. ಬಸ್ಸು ಆ ಗ್ಯಾಸ್ ಬಳಸಿದಾಗ ಅದು ಮತ್ತೆ ನೀರೇ ಆಗಿ ಹಿಂದಿನ ಪೈಪಿಂದ ಬರುತ್ತೆ. ಹೊಗೆಯೇ ಇಲ್ಲ."

"ಆ ಬಸ್ಸು ಎಲ್ಲಿ ಓಡ್ತದೆ?"

"ಮೈಸೂರಲ್ಲಿ."

"ಅಂಗಾರೆ ನಮ್ಮೂರ್ ನೀರು ಮೈಸೂರ್ ರೋಡಲ್ಲಿ ಸುರೀತದೆ ಅನ್ನಿ!" ಅಜ್ಜಿ ಕ್ಯಾನ್ ಎತ್ತಿಕೊಂಡರು. "ಆ ಬಸ್ಸ ನಮ್ಮೂರ್ ಮೇಲೇ ಬುಡ್ಸಿ ಸಾ. ನಮ್ ನೀರು ಇಲ್ಲೇ ಬೀಳ್ಲಿ."

ಈಗಲೂ ಕಂಡಾಗಲೆಲ್ಲ ಅಜ್ಜಿ, ಬಸ್ಸು ಯಾವಾಗ ಅಂತಾರೆ. ನೀರು ಒಡೆಯುವುದು ನಮಗೆ ಸಲೀಸು. ಊರಿಗೆ ಒಂದು ಬಸ್ಸು ಬಿಡಿಸುವ ಮೆಷಿನ್ನೇ ಇನ್ನೂ ಬಂದಿಲ್ಲ.